ಹದಿನೆಂಟನೆಯ ಬೆರಳು

ಬೆರಳಚ್ಚಿನ ಯಂತ್ರ ಮತ್ತೆ ಕೆಂಪು ದೀಪ ಹೊತ್ತಿಸಿ ಕಿರ್ರೆಂದಿತು.

"ಬೇರೆ ಬೆರಳಿಡಿ ಅಮ್ಮಾ," ಎಂದರು ಸಾಹೇಬರು.

ಎಳೆಯಕ್ಕ ಹತ್ತೂ ಬೆರಳು ಇಟ್ಟಾಗಿತ್ತು. ಸೆರಗಿಗೆ ಒರೆಸಿ ಇಟ್ಟಳು, ಎಂಜಲು ಹಚ್ಚಿ ಇಟ್ಟಳು, ಕಣ್ಣು ಮುಚ್ಚಿ ದೇವರೇ ಎಂದು ಇಟ್ಟಳು. ಆ ಹಾಳು ಡಬ್ಬಿಗೆ ಕರುಣೆಯೇ ಇಲ್ಲ!

ಅದು ಜವಳಿ ಮತ್ತು ಕರಕುಶಲ ಸಚಿವಾಲಯದ ಎರಡನೇ ಮಹಡಿ. ಮಗ್ಗದ ಹಾಸು ಮುಗಿದಾಗ ಹಳೆಯ ಎಳೆಯೊಂದೊಂದಕ್ಕೂ ಹೊಸ ಎಳೆ ಇಟ್ಟು, ಬೂದಿ ಮುಟ್ಟಿಸಿ, ಬೆರಳಲ್ಲಿ ಹೊಸೆದು ಕೂಡಿಸುವವರು ಇರುತ್ತಾರಲ್ಲ, ಆ ಕೆಲಸದಲ್ಲೇ ಮೂವತ್ತು ವರ್ಷ ಕಳೆದವರಿಗೆ ಇವತ್ತು ಆಸ್ಪತ್ರೆಯ ಕಾರ್ಡು. ಎಳೆಯಕ್ಕ ಎಂಬ ಹೆಸರು ಬಂದದ್ದೇ ಆ ಕೆಲಸದಿಂದ. ಅವಳ ಗಂಡ ಉಸಿರಿಗೆ ಒದ್ದಾಡುತ್ತ ಆಸ್ಪತ್ರೆಯ ಜಗುಲಿಯಲ್ಲಿ ಬಿದ್ದಿದ್ದ. ಸಂಜೆಯೊಳಗೆ ಕಾರ್ಡು ತಂದರೆ ಒಳಗೆ ಹಾಸಿಗೆ, ಇಲ್ಲದಿದ್ದರೆ ಮನೆಗೆ. ಮನೆಗೆ ಅಂದರೆ ಏನೆಂದು ಅವಳಿಗೆ ಗೊತ್ತಿತ್ತು.

ಅವಳ ಮುಂದಿದ್ದ ಹದಿನೇಳು ಜನರಿಗೂ ಹಸಿರು ದೀಪ. "ಒಳಗೆ ಕೂತಿರಿ, ನಿಮಗೆ ಸಿಗಬೇಕಾದ್ದು ಸಿಗುತ್ತೆ," ಎಂದು ಸಾಹೇಬರು ಎಲ್ಲರನ್ನೂ ಪಕ್ಕದ ಕೋಣೆಗೆ ಕಳಿಸಿ ಚಹಾ ಕೊಡಿಸಿದ್ದರು. ಕೊನೆಯವನು, ಇಸ್ತ್ರಿ ಅಂಗಿಯವನು, ಅವಳಿಗೆ ಮೊದಲ ಕೆಂಪು ದೀಪ ಬಂದದ್ದು ಕಂಡು, "ಏನಕ್ಕಾ, ಬೆರಳು ಮನೇಲೇ ಮರೆತು ಬಂದ್ಯಾ?" ಎಂದು ಹಲ್ಲುಕಿರಿದು ಹೋಗಿದ್ದ. ಇವರಲ್ಲಿ ಒಬ್ಬರನ್ನೂ ಯಾವ ಮಗ್ಗದ ಮನೆಯಲ್ಲೂ ಕಂಡ ನೆನಪು ಅವಳಿಗಿಲ್ಲ. ಇರಲಿ, ದೇಶ ದೊಡ್ಡದು.

ಜೊತೆಗೆ ಬಂದಿದ್ದ ಸೊಸೆ, ಶಾಲೆಯಲ್ಲಿ ಪಾಠ ಹೇಳುವವಳು, ಕಿವಿಯಲ್ಲಿ ಉಸುರಿದಳು. "ಅತ್ತೆ, ಸೆರಗಿನ ಮರೇಲಿ ನನ್ನ ಬೆರಳಿಡ್ತೀನಿ. ಯಾರಿಗೆ ಗೊತ್ತಾಗುತ್ತೆ?"

ಎಳೆಯಕ್ಕ ಜನ್ಮದಲ್ಲಿ ಒಂದು ಎಳೆಯನ್ನೂ ಕದ್ದವಳಲ್ಲ. ಆದರೆ ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ತಲೆಯಾಡಿಸಿದಳು.

ಸೊಸೆಯ ಬೆರಳು ಇನ್ನೇನು ಗಾಜಿಗೆ ತಾಗಬೇಕು, ಸಾಹೇಬರು ಡಬ್ಬಿಯನ್ನು ತಮ್ಮ ಕಡೆಗೆ ಸರಿಸಿಕೊಂಡರು. "ಬೇಡ. ಇಷ್ಟು ಸಾಕು."

ಎಳೆಯಕ್ಕ ಕುಸಿದು ಅವರ ಕಾಲು ಹಿಡಿದಳು. "ತಪ್ಪಾಯ್ತು ಸ್ವಾಮಿ! ಬೇಕಾದ್ರೆ ನನ್ನನ್ನ ಜೈಲಿಗೆ ಹಾಕಿ, ಅವರನ್ನ ಮಾತ್ರ ಉಳಿಸಿಕೊಡಿ. ಮೂವತ್ತೆಂಟು ವರ್ಷ ಇದೇ ಕೆಲಸ ಮಾಡಿದ್ದೀನಿ, ಯಾರನ್ನ ಬೇಕಾದ್ರೂ ಕೇಳಿ!"

ಸಾಹೇಬರು ಅವಳನ್ನು ಎಬ್ಬಿಸಿ, ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಯಾರನ್ನೂ ಕೇಳಲಿಲ್ಲ. ಜವಾನನ ಕಡೆ ತಿರುಗಿ, "ಪೊಲೀಸರನ್ನ ಕರಿ," ಎಂದರು.

ಸೊಸೆ ಬಿಕ್ಕತೊಡಗಿದಳು. ಎಳೆಯಕ್ಕ ಬೇಡಿಗಾಗಿ ಎರಡೂ ಕೈ ಮುಂದೆ ಚಾಚಿ ನಿಂತಳು.

ಆ ಕೈಗಳಲ್ಲಿ ಸಾಹೇಬರು ಕಾರ್ಡು ಇಟ್ಟರು. "ಪೊಲೀಸರು ಒಳಗಿರೋ ಹದಿನೇಳು ಜನಕ್ಕಮ್ಮಾ. ಮೂವತ್ತು ವರ್ಷ ಬೂದೀಲಿ ಎಳೆ ಹೊಸೆದೋರ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರುತ್ತೆ?"