ಎದೆಯ ಕಸರತ್ತು

ಬೆಂಚಿನ ಅಂಚಿಗೆ ಎರಡೂ ಕೈ ಊರಿ ಒಂಬತ್ತನೆಯ ಪುಷ್‌ಅಪ್‌ಗೆ ಬಾಗಿದಾಗ ಗಂಗಾಂಬಿಕಾಳ ಸಡಿಲ ಚೂಡಿದಾರದ ಕೊರಳಿನಿಂದ ಬಟ್ಟೆಯ ಉಂಡೆಯೊಂದು ಜಾರಿ ನೆಲಕ್ಕೆ ಬಿತ್ತು. ಹಳೆಯ ಸೀರೆಯ ಚೂರಿಗೆ ಹತ್ತಿ ತುಂಬಿ ಅವಳೇ ಹೊಲಿದುಕೊಂಡದ್ದು. ಟ್ರೆಡ್‌ಮಿಲ್ ಮೇಲಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಸೈಕಲ್ ತುಳಿಯುತ್ತಿದ್ದವಳು ಕಾಲು ನಿಲ್ಲಿಸಿದಳು. ಗಂಗಾಂಬಿಕಾ ಎದ್ದು ಅದನ್ನು ಹೆಕ್ಕಿ, ದೂಳು ಕೊಡವಿ, ಗೋಡೆಯ ಕಡೆ ತಿರುಗಿ ಒಳಗೆ ಸೇರಿಸಿಕೊಂಡಳು. ಆಮೇಲೆ ಟ್ರೇನರ್ ಶಿಲ್ಪಶ್ರೀಯನ್ನು ಕೇಳಿದಳು: "ಎಷ್ಟಾತವ್ವಾ? ಎಂಟೋ, ಒಂಬತ್ತೋ?"

"ಒಂಬತ್ತು."

"ಹಂಗಾರ ಇನ್ನೊಂದು ಐತಿ," ಎಂದು ಮತ್ತೆ ಬಾಗಿದಳು.

ನಾಲ್ಕು ತಿಂಗಳಿಂದ ಅವಳು ವಾರಕ್ಕೆ ಮೂರು ದಿನ ಕಂಪ್ಲಿಯಿಂದ ಬಸ್ಸಿನಲ್ಲಿ ಹೊಸಪೇಟೆಯ ಈ ಜಿಮ್ಮಿಗೆ ಬರುತ್ತಿದ್ದಳು. ಕಂಪ್ಲಿಯಲ್ಲಿ ಗಂಡನ ಅಕ್ಕಿ ಗಿರಣಿ. ಅಲ್ಲಿ ಅವಳು ಯಾರ ಬಾಗಿಲು ತಟ್ಟಿದರೂ ಅವಳಿಗಿಂತ ಮೊದಲು ಸುದ್ದಿ ಮನೆ ಸೇರುತ್ತಿತ್ತು. ಮೊದಲ ದಿನವೇ ಡಾಕ್ಟರ ಚೀಟಿಯನ್ನು ಶಿಲ್ಪಶ್ರೀಯ ಕೈಗಿಟ್ಟು ಮುಚ್ಚುಮರೆಯಿಲ್ಲದೆ ಹೇಳಿದ್ದಳು: "ಕ್ಯಾನ್ಸರ್ ಆಗಿತ್ತು. ಎಡಗಡೀದು ಪೂರಾ ತಗದಾರ. ಕೆಳಗಿನ ಸ್ನಾಯು ಹಂಗ ಐತಂತ. ಇದ್ದದ್ದನ್ನಾರ ಗಟ್ಟಿ ಮಾಡಿ ಕೊಡು. ಮ್ಯಾಲಿನ ಡಬ್ಬಿ ಇಳಿಸಾಕೂ ಗಂಡನ್ನ ಕೂಗಬೇಕಾಗೇತಿ."

ಶಿಲ್ಪಶ್ರೀ ಎರಡು ದಿನ ಯೋಚಿಸಿದ್ದಳು. ಎದೆಯ ಕಸರತ್ತು ಎಂದರೆ ಅವಳು ಕಲಿತದ್ದು ಗಂಡಸರಿಗೆ ಹೇಳುವ ಪಟ್ಟಿ. ಹೆಂಗಸರು ಬಂದರೆ ಹೊಟ್ಟೆ, ಸೊಂಟ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಉದ್ದ ಸರಳಿನ ಬೆಂಚ್ ಪ್ರೆಸ್ ಬೇಡ, ಸೋತ ಕೈಯ ಕಡೆಗೆ ವಾಲುತ್ತದೆ. ಕೈ ಅಗಲಿಸುವ ಫ್ಲೈ ಬೇಡ, ಹೊಲಿಗೆಯ ಗುರುತನ್ನು ಜಗ್ಗುತ್ತದೆ. ಉಳಿದದ್ದು ಎರಡೇ. ಒಂದು ಪುಷ್‌ಅಪ್: ಮೊದಲು ನಿಂತು ಗೋಡೆ ತಳ್ಳುವುದು, ಅದು ಪಳಗಿದ ಮೇಲೆ ಬೆಂಚು, ಕೊನೆಗೆ ನೆಲ. ಇನ್ನೊಂದು, ಬಲಗೈ ಎಡಗೈಯ ಪಾಲನ್ನು ಕದಿಯದಂತೆ, ಅಂಗಾತ ಮಲಗಿ ಕೈಗೊಂದು ಡಂಬೆಲ್. ಗೋಡೆಗೇ ಆರು ವಾರ ಹಿಡಿಯಿತು. ಒಂದು ಕಿಲೋದಿಂದ ಶುರುವಾದದ್ದು ನಾಲ್ಕಕ್ಕೆ ಬಂತು. ಕಿವಿಯ ಮಟ್ಟ ದಾಟದಿದ್ದ ಎಡಗೈ ಒಂದು ದಿನ ನೆಟ್ಟಗೆ ಮೇಲೆದ್ದಾಗ ಶಿಲ್ಪಶ್ರೀಯ ಕಣ್ಣಲ್ಲೇ ನೀರು ಬಂದಿತ್ತು.

ಉಂಡೆ ಬಿದ್ದ ಮರುದಿನ ಜಿಮ್ಮಿನ ಮಾಲೀಕ ಹನುಮೇಶ್ ಶಿಲ್ಪಶ್ರೀಯನ್ನು ಕರೆದ.

"ಆ ಕಂಪ್ಲಿ ಆಂಟಿಗೆ ಮಧ್ಯಾಹ್ನ ಎರಡಕ್ಕ ಬಾ ಅನ್ನು. ಆವಾಗ ಯಾರೂ ಇರಂಗಿಲ್ಲ."

"ಯಾಕ್ರಿ ಸರ್?"

"ಲೇಡೀಸ್ ಫೋನ್ ಮಾಡ್ಯಾರ. ನೋಡಿದ್ರ ಒಂಥರಾ ಆಗತೈತಂತ. ಇಲ್ಲಿ ಬರೋರು ಚಂದ ಆಗಾಕ ಬರ್ತಾರ, ಅಂಜಾಕ ಅಲ್ಲ."

"ನೀವ ಹೇಳ್ರಿ ಸರ್."

"ಹೆಣ್ಮಕ್ಕಳ ವಿಷಯ. ನೀನ ಹೇಳಬೇಕು."

ಆಗುವುದಿಲ್ಲ ಎನ್ನಬಹುದಿತ್ತು. ಆದರೆ ಹೊಸಪೇಟೆಯಲ್ಲಿ ಹೆಣ್ಣು ಟ್ರೇನರ್‌ಗೆ ಓಣಿಗೊಂದು ಕೆಲಸ ಕಾದು ಕೂತಿರಲಿಲ್ಲ. ಚಿತ್ತವಾಡ್ಗಿಯ ಮನೆಗೆ ಹೋಗುವ ಆಟೋದಲ್ಲಿ ಅವಳು ಆ ಮಾತನ್ನು ಎಷ್ಟು ಮೆತ್ತಗೆ ಆಡಬಹುದೆಂದು ಮನಸ್ಸಿನಲ್ಲೇ ಆಡಿ ನೋಡಿಕೊಂಡಳು.

ಮುಂದಿನ ಸಲ ಗಂಗಾಂಬಿಕಾ ಬಂದವಳೇ, "ಇವತ್ತು ನೆಲಕ್ಕ ಹೋಗೂಣು," ಎಂದಳು. ಮ್ಯಾಟಿನ ಮೇಲೆ ಕೈ ಊರಿ ಇಳಿದಳು. ಅರ್ಧದಲ್ಲಿ ತೋಳು ಥರಥರ ನಡುಗಿದವು. ಶಿಲ್ಪಶ್ರೀ ಹಿಡಿಯಲು ಬಾಗಿದರೆ "ಮುಟ್ಟಬ್ಯಾಡ" ಎಂದು ಗದರಿದಳು. ಹಲ್ಲು ಕಚ್ಚಿ ಎದ್ದೇ ಬಿಟ್ಟಳು. ಒಂದೇ ಒಂದು, ಆದರೆ ಪೂರ್ತಿ. ಕೂತು ಏದುಸಿರು ಬಿಡುತ್ತಾ ಹುಡುಗಿಯ ಹಾಗೆ ನಕ್ಕಳು. ಆ ನಗು ಆರುವ ಮೊದಲೇ ಶಿಲ್ಪಶ್ರೀ ಹೇಳಿಬಿಟ್ಟಳು.

"ಅಕ್ಕಾ, ಇನ್ನು ಮ್ಯಾಲ ಎರಡು ಗಂಟಿಗೆ ಬಂದ್ರ ನಿಮಗ ಆರಾಮ. ಜಿಮ್ ಖಾಲಿ ಇರತೈತಿ. ನಾನೂ ನಿಮ್ಮ ಕಡೇನ ಇರ್ತೀನ್ರಿ."

ಗಂಗಾಂಬಿಕಾ ಮುಖದ ಬೆವರು ಒರೆಸಿಕೊಂಡಳು. "ಯಾರಿಗೆ ಆರಾಮ?"

ಶಿಲ್ಪಶ್ರೀ ಮ್ಯಾಟಿನ ಅಂಚನ್ನು ನೋಡುತ್ತಾ ನಿಂತಳು.

"ಮೊನ್ನೆ ನೋಡಿದೋರು ಹೇಸ್ಯಾರ, ಹೌದಲ್ಲೋ?"

"ಹೂಂ."

"ಅವರದು ಬಿಡು. ಅವರು ನನಗ ಯಾರೂ ಅಲ್ಲ. ನಾಕು ತಿಂಗಳು ಕೈ ಹಿಡಿದು ಕಲಿಸೀದಿ ನೀನು. ನಿನಗ? ನಿನಗೇನೂ ಅನಸಂಗಿಲ್ಲೇನು?"

"ಇಲ್ಲಕ್ಕಾ, ಖರೇನ ಇಲ್ಲ," ಎನ್ನುತ್ತಾ ಶಿಲ್ಪಶ್ರೀ ತಲೆ ಎತ್ತಿದಳು. ಅವಳ ಕಣ್ಣು ಗಂಗಾಂಬಿಕಾಳ ಮುಖಕ್ಕೆ ಹೋಗಬೇಕಿತ್ತು. ಅದಕ್ಕೂ ಮೊದಲು ಎದೆಯ ಎಡಭಾಗಕ್ಕೆ ಹೋಗಿ ನಿಂತಿತು.

ಇಷ್ಟು ದಿನ ಆ ಜಿಮ್ಮಿನಲ್ಲಿ ಒಮ್ಮೆಯೂ ದುಪಟ್ಟಾ ಹೊದೆಯದಿದ್ದ ಗಂಗಾಂಬಿಕಾ, ಚೀಲದಿಂದ ಅದನ್ನು ತೆಗೆದು, ಮಡಿಕೆ ಬಿಚ್ಚಿ, ಎರಡೂ ಹೆಗಲ ಮೇಲೆ ಅಗಲವಾಗಿ ಹರಡಿಕೊಂಡಳು.