ಅಣ್ಣನ ಪದಕ

"ಹೊತ್ತಿ ಉರಿಯುತ್ತಿದ್ದ ಲಾರಿಯಿಂದ ಇಬ್ಬರು ಸೈನಿಕರನ್ನು ಹೊರಗೆಳೆದೆ, ಸಾರ್," ಎಂದ ಗುತ್ತಿಗೆದಾರ, ಎದೆಯ ಮೇಲಿನ ಪದಕ ಸವರಿಕೊಳ್ಳುತ್ತ. ಪಕ್ಕದಲ್ಲಿ ಕೂತಿದ್ದ ಅತ್ತಿಗೆಯ ಕಿವಿಗೆ ಕಾದ ಸೀಸ ಹೊಯ್ದಂತಾಯಿತು. ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ಮೀಸಲಿಟ್ಟ ಸರ್ಕಾರಿ ಗುತ್ತಿಗೆ ಅದು. "ಅಣ್ಣನ ಹೆಸರಲ್ಲೇ ಕೇಳೋಣ ಅತ್ತಿಗೆ, ಪದಕ ಕೊಡಿ. ನೀವು ಬಂದು ಹೂಂ ಅಂದ್ರೆ ಸಾಕು," ಎಂದು ಬೆಣ್ಣೆಯಂಥ ಮಾತಾಡಿ ಇಸಕೊಂಡಿದ್ದ. ಕಚೇರಿಯ ಬಾಗಿಲು ದಾಟುವಷ್ಟರಲ್ಲಿ ಅದು ಅವನ ಕೋಟಿನ ಮೇಲಿತ್ತು. ಬಂದೂಕು ಹಾಗಿರಲಿ, ಪಟಾಕಿ ಹಚ್ಚಲೂ ಹೆದರುವ ಗಂಡಸು!

ಅಧಿಕಾರಿ ಮುಂದಕ್ಕೆ ಬಾಗಿದರು. "ಒಳಗೆ ಇನ್ನೂ ಯಾರಾದರೂ ಇದ್ದರಾ?"

"ಒಬ್ಬ ಇದ್ದ ಸಾರ್. ಮತ್ತೆ ನುಗ್ಗಿದೆ. ಅವನನ್ನೂ ಹೊತ್ತುಕೊಂಡೇ ಬಂದೆ. ಅಲ್ವಾ?" ಎಂದು ಹೂಂಗುಟ್ಟಲು ಅವಳಿಗೆ ಕಣ್ಸನ್ನೆ ಮಾಡಿದ.

ಅವಳು ಎದ್ದು ಅವನ ಎದೆಗೇ ಕೈಹಾಕಿ ಪದಕ ಕಿತ್ತಳು. ಪಿನ್ನು ಚುಚ್ಚಿ ಶೂರ "ಅಯ್ಯಮ್ಮಾ!" ಎಂದು ಚೀರಿದ. "ಮತ್ತೆ ನುಗ್ಗಿದವರು ನನ್ನ ಗಂಡ, ಸಾರ್. ಅವರು ಹೊರಗೆ ಬರಲೇ ಇಲ್ಲ. ಮನೆಗೆ ಬಂದಿದ್ದು ಇದೊಂದೇ."

ಅಧಿಕಾರಿ ತಡವರಿಸಿದರು. "ಹಾಗಾದರೆ, ಇವರಿಗೆ ನೀವು ಏನಾಗಬೇಕಮ್ಮ?"

"ಈಗಿನವರೆಗೂ ಅತ್ತಿಗೆಯಾಗಿದ್ದೆ."