ಕುರ್ಚಿ ಸಮೇತ

"ವಿರೋಧ ಇರೋರು ಎದ್ದು ನಿಲ್ಲಿ," ಎಂದು ಮೇಯರ್ ಮೈಕಿನಲ್ಲಿ ಹೇಳಿದಾಗ ಹುಲುಗಾನ್ ಊರಿನ ಸಭೆಯಲ್ಲಿ ಒಬ್ಬರೂ ಅಲುಗಲಿಲ್ಲ. ಊರಿನ ಹೆಸರು ತೆಗೆದು ತಮ್ಮ ತಂದೆಯ ಹೆಸರಿಡಬೇಕೆಂಬುದು ಅವರ ಹಟ. ಮೇಯರೇ ಕೊಡಿಸಿದ ಆರೋಗ್ಯ ಕೇಂದ್ರದ ಕೆಲಸದಲ್ಲಿದ್ದ ದಿತಾಸ್ ತಲೆ ತಗ್ಗಿಸಿ ಕೂತಿದ್ದಳು.

ಪಕ್ಕದಲ್ಲಿದ್ದ ಉಪೆಂಗ್ ಅಜ್ಜಿ ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಬಡಿದಳು. "ನನ್ನ ಕಾಲು ಬಿದ್ದುಹೋಗಿ ಯಾವ ಕಾಲವಾಯ್ತು! ಯಾರಾದ್ರೂ ಕುರ್ಚಿ ಸಮೇತ ಎತ್ರೋ!"

"ಸುಮ್ನೆ ಕೂತ್ಕೋ ಅಜ್ಜಿ," ಎಂದು ಮೇಯರ್ ನಕ್ಕರು.

"ಕೂತೇ ಇದೀನಲ್ಲಪ್ಪ, ಅದೇ ಕಷ್ಟ. ನಿಮ್ಮಪ್ಪನ ಹೊಕ್ಕುಳಬಳ್ಳಿ ಕೊಯ್ದೋಳು ನಮ್ಮವ್ವ. ಆಗ್ಲೂ ಇದು ಹುಲುಗಾನೇ."

ಜನ ಕಿಸಕ್ಕನೆ ನಕ್ಕರು. ದಿತಾಸ್ ಎದ್ದು ಕುರ್ಚಿಯ ಒಂದು ಬದಿ ಹಿಡಿದಳು. ಇನ್ನೊಂದು ಬದಿಗೆ ಮೀನು ಮಾರುವ ನಾರ್ಡಿಂಗ್ ಕೈ ಹಾಕಿದ. ಅಜ್ಜಿ ಎಲ್ಲರ ತಲೆಗಳಿಗಿಂತ ಮೇಲೇರಿದಳು.

ಮೇಯರ್ ಮುಖದ ನಗು ಮಾಯವಾಯಿತು. "ದಿತಾಸ್, ನೀನು ಬರೀ ಕುರ್ಚಿ ಎತ್ತಿದ್ದು, ಅಲ್ವೇನಮ್ಮ? ನಿನ್ನ ಕೆಲಸ ನೆನಪಿದೆ ತಾನೆ? ಇಳಿಸಿ ಕೂತ್ಕೋ."

ದಿತಾಸ್ ಕುರ್ಚಿಯ ಹಿಡಿತ ಬಿಗಿ ಮಾಡಿದಳು.

"ಇಲ್ಲ ಮೇಯರ್," ಎಂದಳು. "ನಾನೂ ನಿಂತಿದ್ದೀನಿ. ಎಣಿಸ್ಕೊಳ್ಳಿ."